ಕೂಕಟ್‌ಪಲ್ಲಿಯಿಂದ ಹುಸೇನ್ ಸಾಗರಕ್ಕೆ

ಸಭೆ, ಭಾಷಣ, ಮಕ್ಕಳ ಹಾಡು, ಕಡೆಯಲ್ಲಿ ಊಟ - ಇಷ್ಟಕ್ಕೆ ನಮ್ಮ ರಾಜ್ಯೋತ್ಸವ ಮುಗಿಯುತ್ತಿತ್ತು. ಈ ಸಲ ಸಮಿತಿಯ ಮುಂದೆ ಒಂದು ಹೊಸ ಸೂಚನೆ ಬಂದಿತು. ಸಭೆಯ ಮರುಭಾನುವಾರ ಕೂಕಟ್‌ಪಲ್ಲಿಯ ಕನ್ನಡ ಸಂಸಾರಗಳೆಲ್ಲ ಒಟ್ಟುಗೂಡಿ ಹುಸೇನ್ ಸಾಗರದ ದಂಡೆಗೆ ಹೋಗುವುದು. ದೋಣಿಯಲ್ಲಿ ಬುದ್ಧನ ವಿಗ್ರಹದವರೆಗೆ ಹೋಗಿಬರುವುದು. ನೆಕ್ಲೆಸ್ ರಸ್ತೆಯ ಹೋಟೆಲುಗಳ ಸಾಲಿನಲ್ಲಿ ಊಟ ಮಾಡಿ, ನೀರಿನ ಮೇಲಣ ದೀಪಗಳನ್ನು ನೋಡಿಕೊಂಡು ಮನೆಗೆ ಮರಳುವುದು. ತರುಣರೆಲ್ಲ ಕೂಡಲೆ ಕೈಯೆತ್ತಿದರು. ಹಿರಿಯರಲ್ಲಿ ಒಬ್ಬರು ಮಾತ್ರ ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡು, "ಆ ನೀರಿನ ಪಕ್ಕದಲ್ಲಿ ಕುಳಿತು ಊಟವೇ?" ಎಂದು ಕೇಳಿದರು. ಇನ್ನೊಬ್ಬರು, "ಊಟದ ಮಾತಿರಲಿ, ಕನ್ನಡದ ಹಬ್ಬಕ್ಕೂ ಆ ಕೆರೆಗೂ ಏನು ಸಂಬಂಧ?" ಎಂದರು.

ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಹೊಣೆ ನಮ್ಮ ಪಾಲಿಗೆ ಬಂದಿತು. ಹುಡುಕುತ್ತ ಹೋದಾಗ ಮೊದಲನೆಯ ಪ್ರಶ್ನೆಗೂ ಅದರೊಳಗೇ ಉತ್ತರ ಸಿಕ್ಕಿತು. ಅದು ನಮಗೆ ಅಷ್ಟೊಂದು ಹಿತವಾದ ಉತ್ತರವಲ್ಲ; ಆದರೂ ಕಂಡುದನ್ನು ಕಂಡಂತೆ ಬರೆದಿದ್ದೇವೆ.

ಹುಸೇನ್ ಸಾಗರವು ಹೈದರಾಬಾದಿಗಿಂತ ಹಳೆಯದು. ಇದನ್ನು ನಮ್ಮಲ್ಲಿ ಬಹುಮಂದಿ ಮರೆತಿರುವರು. ಚಾರ್‌ಮಿನಾರ್ ಎದ್ದದ್ದು ೧೫೯೧ರಲ್ಲಿ. ಕೆರೆಯ ಕೆಲಸ ೧೫೬೨ರದು. ಹೀಗೆ ನಗರ ಹುಟ್ಟುವುದಕ್ಕೆ ಸುಮಾರು ಮೂವತ್ತು ವರ್ಷ ಮೊದಲೇ ನೀರು ಸಿದ್ಧವಾಗಿ ಕಾದಿತ್ತು. ಆಗ ರಾಜಧಾನಿ ಗೋಲ್ಕೊಂಡ. ಆಳುತ್ತಿದ್ದವನು ಇಬ್ರಾಹೀಂ ಕುಲಿ ಕುತುಬ್ ಶಾಹ. ಕೆರೆಯ ಕೆಲಸದ ಮೇಲ್ವಿಚಾರಣೆ ಅವನ ಅಳಿಯನಾದ ಹುಸೇನ್ ಶಾಹ ವಲಿಯದು.

ಈ ಹುಸೇನ್ ಶಾಹ ವಲಿ ಯಾರು? ಕಲಬುರಗಿಯ ಖ್ವಾಜಾ ಬಂದೇನವಾಜರ ವಂಶದವರು! ಬಂದೇನವಾಜರು ದಿಲ್ಲಿಯಿಂದ ದಕ್ಷಿಣಕ್ಕೆ ಬಂದು, ಬಹಮನಿ ಸುಲ್ತಾನ ಫಿರೋಜ್ ಶಾಹನ ಕಾಲದಲ್ಲಿ ಕಲಬುರಗಿಯಲ್ಲಿ ನೆಲಸಿ, ೧೪೨೨ರಲ್ಲಿ ಅಲ್ಲಿಯೇ ದೇಹ ಬಿಟ್ಟವರು. ಅವರ ದರ್ಗಾಕ್ಕೆ ಹಿಂದೂ ಮುಸಲ್ಮಾನರೆನ್ನದೆ ಎಲ್ಲರೂ ನಡೆದುಕೊಳ್ಳುವರೆಂಬುದು ಕಲಬುರಗಿಯ ಕಡೆಯ ನಮ್ಮ ಬಂಧುಗಳಿಗೆ ಹೇಳಬೇಕಾದ ಸಂಗತಿಯೇನಲ್ಲ. ಆ ಮನೆತನದ ಹುಸೇನ್ ಶಾಹ ವಲಿ ಗೋಲ್ಕೊಂಡಕ್ಕೆ ಬಂದು ಅರಸನ ಮಗಳನ್ನು ಮದುವೆಯಾದರು. ಅವರ ಸಮಾಧಿ ಗೋಲ್ಕೊಂಡ ಕೋಟೆಯ ಆಚೆ, ಈಗ ಕಂಪೆನಿಗಳ ಗಾಜಿನ ಮಹಡಿಗಳು ಎದ್ದಿರುವ ದಿಕ್ಕಿನಲ್ಲಿ ಇದೆ. ನಮ್ಮ ಎಷ್ಟೋ ಹುಡುಗರು ದಿನವೂ ಅದರ ಹತ್ತಿರದಿಂದಲೇ ಕೆಲಸಕ್ಕೆ ಹಾದುಹೋಗುತ್ತಾರೆ.

ಕೆರೆಗೆ ಈ ಹೆಸರು ಬಂದುದರ ವಿಷಯವಾಗಿ ಊರಿನಲ್ಲಿ ಒಂದು ಕಥೆಯುಂಟು. ಅರಸನಿಗೆ ತನ್ನ ಹೆಸರಿಡಬೇಕೆಂಬ ಆಸೆ. ಜನರು ಮಾತ್ರ ಬಿಸಿಲಿನಲ್ಲಿ ನಿಂತು ಕೆಲಸ ಮಾಡಿಸಿದವನ ಹೆಸರಿನಿಂದಲೇ ಕೆರೆಯನ್ನು ಕರೆದರಂತೆ. ಅರಸ ಮರುಮಾತಾಡದೆ, ತನ್ನ ಹೆಸರಿಗೆ ಬೇರೊಂದು ಕೆರೆಯನ್ನು ಇಬ್ರಾಹೀಂಪಟ್ಟಣದಲ್ಲಿ ಕಟ್ಟಿಸಿಕೊಂಡನಂತೆ. ಕಥೆ ನಿಜವೇ ಆಗಿರಲಿ, ಕಟ್ಟಿದ್ದೇ ಆಗಿರಲಿ, ಎರಡು ಕೆರೆಗಳಂತೂ ಇವೆ.

ಇಬ್ರಾಹೀಂ ಕುತುಬ್ ಶಾಹನ ಬಾಳೂ ನಮ್ಮ ನೆಲದೊಂದಿಗೆ ಹೆಣೆದುಕೊಂಡಿತ್ತು. ೧೫೪೩ರಲ್ಲಿ ತಂದೆಯ ಕೊಲೆಯಾಗಿ, ಅಣ್ಣ ಜಮ್‌ಷೀದ್ ಪಟ್ಟಕ್ಕೆ ಬಂದಾಗ ಈತ ಪ್ರಾಣಭಯದಿಂದ ಓಡಿದುದು ವಿಜಯನಗರಕ್ಕೆ. ಅಳಿಯ ರಾಮರಾಯನ ಆಶ್ರಯದಲ್ಲಿ ಏಳು ವರ್ಷ ಇದ್ದನು. ತುಂಗಭದ್ರೆಯಿಂದ ಕಾಲುವೆಗಳನ್ನು ತೆಗೆದು, ಬಂಡೆಯ ಸೀಮೆಯಲ್ಲಿ ತೋಟ ಗದ್ದೆಗಳನ್ನು ಮಾಡಿದ್ದ ರಾಜಧಾನಿಯದು. ಏಳು ವರ್ಷ ಅದನ್ನು ಕಣ್ಣಾರೆ ಕಂಡವನು ೧೫೫೦ರಲ್ಲಿ ಗೋಲ್ಕೊಂಡಕ್ಕೆ ಮರಳಿ ಪಟ್ಟವೇರಿ, ಹನ್ನೆರಡು ವರ್ಷಗಳಲ್ಲಿ ಬಂಡೆಗಳ ನಡುವೆ ಇಂಥ ಕೆರೆಯನ್ನು ಮಾಡಿಸಿದನು. ಹಂಪೆಯನ್ನು ನೋಡಿಯೇ ಹುಸೇನ್ ಸಾಗರ ಹುಟ್ಟಿತೆಂದು ನಾವು ಸಾಧಿಸಹೊರಟಿಲ್ಲ. ಕೆರೆ ಕಟ್ಟುವ ಜಾಣ್ಮೆ ಕಾಕತೀಯರ ಈ ನಾಡಿಗೂ ಹಳೆಯದೇ. ಆದರೆ ಅನ್ನ ಹಾಕಿದ ಮನೆಯನ್ನು ಅವನು ಮರೆಯುವುದಕ್ಕೆ ಬಹಳ ಕಾಲ ಹಿಡಿಯಲಿಲ್ಲ. ೧೫೬೫ರ ಜನವರಿಯಲ್ಲಿ ರಕ್ಕಸತಂಗಡಿಯ ಬಯಲಿನಲ್ಲಿ ರಾಮರಾಯನ ಮೇಲೆ ಬಿದ್ದ ಸುಲ್ತಾನರಲ್ಲಿ ಈತನೂ ಒಬ್ಬ. ಆ ಯುದ್ಧದ ತರುವಾಯ ಹಂಪೆ ಹಾಳಾಯಿತು. ಇಲ್ಲಿ ಕೆರೆ ತುಂಬಿದ ಎರಡು ಮೂರು ವರ್ಷಗಳಲ್ಲೇ ಅಲ್ಲಿ ಕಾಲುವೆಯ ಪಕ್ಕದ ಮನೆಗಳಿಗೆ ಬೆಂಕಿ ಬಿದ್ದಿತೆಂಬುದನ್ನು ನೆನೆದರೆ, ದಂಡೆಯ ಮೇಲೆ ಕುಳಿತವರಿಗೆ ತುತ್ತು ಸ್ವಲ್ಪ ಹೊತ್ತು ಗಂಟಲಲ್ಲಿ ನಿಲ್ಲಬಹುದು.

ಮುಂದಿನ ಇನ್ನೂರು ವರ್ಷಗಳ ಮಾತನ್ನು ಬೇಗ ಮುಗಿಸಬಹುದು. ೧೬೮೭ರಲ್ಲಿ ಔರಂಗಜೇಬನು ಗೋಲ್ಕೊಂಡವನ್ನು ಗೆದ್ದನು. ಬಳಿಕ ನಿಜಾಮರು ಬಂದರು. ೧೭೯೮ರ ಒಪ್ಪಂದದ ಫಲವಾಗಿ ಬ್ರಿಟಿಷರ ದಂಡು ಕೆರೆಯ ಉತ್ತರಕ್ಕೆ ಬೀಡುಬಿಟ್ಟಿತು. ೧೮೦೬ರಲ್ಲಿ ಆ ಬೀಡಿಗೆ ನಿಜಾಮ ಸಿಕಂದರ್ ಜಾಹನ ಹೆಸರಿನಿಂದ ಸಿಕಂದರಾಬಾದು ಎಂಬ ಹೆಸರಾಯಿತು. ಅಂದಿನಿಂದ ಕೆರೆಯ ಏರಿಯೇ ಎರಡು ಊರುಗಳ ನಡುವಣ ದಾರಿ. ಟ್ಯಾಂಕ್ ಬಂಡ್ ಎಂದು ಎಲ್ಲರೂ ಇಂಗ್ಲಿಷಿನಲ್ಲಿ ಹೇಳುವುದು ಬೇರೇನೂ ಅಲ್ಲ, ನಮ್ಮ ಮಾತಿನ 'ಕೆರೆ ಏರಿ'.

ಈಗ ನಮಗೆ ಬಹಳ ಬೇಕಾದವರ ಮಾತಿಗೆ ಬರುತ್ತೇವೆ. ೧೯೦೮ರ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಕೊಚ್ಚಿತು. ಸಾವಿರಾರು ಮಂದಿ ಸತ್ತರು, ಸೇತುವೆಗಳು ಮುಳುಗಿದುವು, ಮನೆಗಳ ಲೆಕ್ಕವೇ ಇಲ್ಲ. ಆಗ ಮುಂಬಯಿ ಸರಕಾರದ ಕೆಲಸವನ್ನು ಬಿಟ್ಟು ಯೂರೋಪಿನ ಪ್ರವಾಸದಲ್ಲಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ನಿಜಾಮ ಸರಕಾರದಿಂದ ಕರೆ ಹೋಯಿತು. ೧೯೦೯ರಲ್ಲಿ ಅವರು ಬಂದು, ನದಿಯ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳೇ ಈ ರೋಗಕ್ಕೆ ಮದ್ದೆಂದು ಹೇಳಿ, ನಗರದ ಚರಂಡಿಯ ವ್ಯವಸ್ಥೆಗೂ ಯೋಜನೆ ಸೂಚಿಸಿ, ಅದೇ ವರ್ಷದ ಕೊನೆಗೆ ಮೈಸೂರಿನ ಮುಖ್ಯ ಇಂಜಿನಿಯರರಾಗಿ ಹೊರಟರು. ಅವರ ಸಲಹೆಯಂತೆ ಮೂಸಿಯ ಮೇಲೆ ಉಸ್ಮಾನ್ ಸಾಗರ ೧೯೨೦ರಲ್ಲಿಯೂ, ಈಸಿಯ ಮೇಲೆ ಹಿಮಾಯತ್ ಸಾಗರ ೧೯೨೭ರಲ್ಲಿಯೂ ಮುಗಿದುವು. ಗಂಡಿಪೇಟೆಯ ನೀರು ಎಂದು ಹಳೆಯ ಹೈದರಾಬಾದಿಗರು ಇಂದಿಗೂ ಬಾಯಿ ಚಪ್ಪರಿಸಿ ಹೇಳುವುದು ಈ ಉಸ್ಮಾನ್ ಸಾಗರದ ನೀರನ್ನೇ.

ಇದರಲ್ಲಿ ಅಡಗಿರುವ ಒಂದು ವಿಪರ್ಯಾಸವನ್ನು ನಮ್ಮ ಸಭೆಗಳ ಭಾಷಣಕಾರರು ಹೇಳಿದ್ದನ್ನು ನಾವು ಕೇಳಿಲ್ಲ. ಅಲ್ಲಿಯ ತನಕ ನಗರ ಕುಡಿಯುತ್ತಿದ್ದುದು ಹುಸೇನ್ ಸಾಗರದ ನೀರನ್ನು. ಕುಡಿಯುವ ನೀರಿಗೆ ಕಾವಲಿರುವುದು ಲೋಕದ ರೂಢಿ. ಅದರಲ್ಲಿ ಯಾರೂ ಉಗುಳಗೊಡರು. ಹೊಸ ಜಲಾಶಯಗಳಿಂದ ಒಳ್ಳೆಯ ನೀರು ಬರತೊಡಗಿದ ಮೇಲೆ, ೧೯೩೦ರ ಸುಮಾರಿಗೆ, ಹಳೆಯ ಕೆರೆಗೆ ಆ ಕೆಲಸ ತಪ್ಪಿತು. ನಾಲ್ಕು ನೂರು ವರ್ಷಗಳಿಗೆ ಸ್ವಲ್ಪ ಕಡಿಮೆ ಕಾಲ ಊರಿಗೆ ನೀರುಣಿಸಿದ ಕೆರೆ, ಪಿಂಚಣಿ ಪಡೆದ ಮುದುಕನಂತೆ, ನೋಡುವುದಕ್ಕೆ ಮಾತ್ರ ಉಳಿಯಿತು. ದೋಷ ವಿಶ್ವೇಶ್ವರಯ್ಯನವರದಲ್ಲ. ಕುಡಿಯದ ನೀರನ್ನೂ ಕಾಯಬೇಕೆಂಬ ಬುದ್ಧಿ ಬಳಕೆದಾರರಿಗೆ ಇರಬೇಕಾಗಿತ್ತು.

ಕೆರೆಯನ್ನು ನೋಡುವುದಕ್ಕಾಗಿಯಾದರೂ ಚಂದ ಮಾಡಬೇಕೆಂದು ಬಂದವರೂ ಮೈಸೂರಿನ ಕಡೆಯವರೇ. ಸರ್ ಮಿರ್ಜಾ ಇಸ್ಮಾಯಿಲರು ೧೯೨೬ರಿಂದ ೧೯೪೧ರವರೆಗೆ ಮೈಸೂರಿನ ದಿವಾನರಾಗಿದ್ದು, ೧೯೪೬ರಲ್ಲಿ ಹೈದರಾಬಾದಿನ ಪ್ರಧಾನಮಂತ್ರಿಗಳಾದರು. ಇಲ್ಲಿಯ ರಾಜಕೀಯ ಅವರನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇರಗೊಡಲಿಲ್ಲ. ಆದರೂ ಏರಿಯ ಮೇಲಣ ರಸ್ತೆಯನ್ನು ಅಗಲ ಮಾಡಿಸಿ, ಜನ ಸಂಜೆ ಕಾಲಾಡಿಸಲು ತಕ್ಕ ಜಾಗ ಮಾಡಿದುದಕ್ಕೆ ಹಳಬರು ಅವರ ಹೆಸರನ್ನೇ ಹೇಳುವರು. ವಾಚಕರಲ್ಲಿ ಮೈಸೂರು, ಮಂಡ್ಯದ ಕಡೆಯವರು ಕನ್ನಂಬಾಡಿಯನ್ನು ನೆನೆದುಕೊಳ್ಳಬೇಕು. ಅಲ್ಲಿ ಕಟ್ಟೆ ವಿಶ್ವೇಶ್ವರಯ್ಯನವರದು. ಕಟ್ಟೆಯ ಕೆಳಗಿನ ಬೃಂದಾವನ ಮಿರ್ಜಾ ಸಾಹೇಬರದು. ಅದೇ ಜೋಡಿ ಇಲ್ಲಿಯೂ ಒಬ್ಬರ ಹಿಂದೆ ಒಬ್ಬರು ಬಂದು, ಒಬ್ಬರು ಊರಿಗೆ ನೀರಿನ ದಾರಿ ತೋರಿಸಿ, ಇನ್ನೊಬ್ಬರು ನೀರಿನ ಬದಿಗೆ ಜನರನ್ನು ಕರೆದರು. ಕನ್ನಡದ ಹಬ್ಬಕ್ಕೂ ಈ ಕೆರೆಗೂ ಏನು ಸಂಬಂಧವೆಂದು ಕೇಳಿದ ಮಹನೀಯರು ಈ ಭಾಗ ಓದಿದಾಗ ಸುಮ್ಮನಾದರು.

ಹಬ್ಬದ ದಿನದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ೧೯೪೮ರ ಸೆಪ್ಟೆಂಬರ್ ೧೭ರವರೆಗೆ ನಿಜಾಮರ ಆಳ್ವಿಕೆಯಲ್ಲಿ, ಆ ಮೇಲೆ ಭಾರತದ ಹೈದರಾಬಾದ್ ರಾಜ್ಯದಲ್ಲಿ, ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ಆ ಕಡೆಯ ನಮ್ಮ ಹಿರಿಯರು ಓದಿಗೆ, ಕೋರ್ಟಿಗೆ, ಆಸ್ಪತ್ರೆಗೆ ಇಲ್ಲಿಗೇ ಬರುತ್ತಿದ್ದರು. ೧೯೫೬ರ ನವೆಂಬರ್ ೧ರಂದು ಆ ಮೂರು ಜಿಲ್ಲೆಗಳು ವಿಶಾಲ ಮೈಸೂರನ್ನು ಸೇರಿದುವು. ಅದೇ ದಿನ ಆಂಧ್ರಪ್ರದೇಶವೂ ಹುಟ್ಟಿತು. ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡ ಮಾತ್ರ ಈ ಕಡೆಯೇ ಉಳಿದುವು. ಆದುದರಿಂದ ಹಾಸನದವರಿಗೆ ಹೈದರಾಬಾದು ಪರಸ್ಥಳವಿರಬಹುದು. ಹುಮನಾಬಾದಿನವರಿಗೆ ಅದು ಅಜ್ಜನ ಕಾಲದ ರಾಜಧಾನಿ. ಅವರ ಬಸ್ಸು ಇಂದಿಗೂ ಜಹೀರಾಬಾದು, ಪಟಾನ್‌ಚೆರು ದಾಟಿ ನಗರವನ್ನು ಹೊಗುವುದು ನಮ್ಮ ಕೂಕಟ್‌ಪಲ್ಲಿಯ ಹೆದ್ದಾರಿಯ ಮೇಲೆಯೇ. ಸಂಘದಲ್ಲಿ ಈ ಎರಡು ಕಡೆಯವರಿಗೆ ಆಗಾಗ ಜೋಳದ ರೊಟ್ಟಿಗೂ ಬಿಸಿಬೇಳೆಬಾತಿಗೂ ನಡೆಯುವ ಜಗಳದ ಮೂಲವೂ ಬಹುಶಃ ಇದೇ ಇರಬೇಕು!

ಇಂದು ನಾವು ಹೋಗಿ ನೋಡಬೇಕೆಂದಿರುವ ದಂಡೆಯ ಬಹುಭಾಗ ೧೯೮೦ರ ಈಚಿನದು. ಮುಖ್ಯಮಂತ್ರಿಗಳಾಗಿದ್ದ ಎನ್. ಟಿ. ರಾಮರಾಯರು ೧೯೮೬ರ ಸುಮಾರಿಗೆ ಏರಿಯ ಉದ್ದಕ್ಕೂ ತೆಲುಗು ನಾಡಿನ ಮಹನೀಯರ ಪ್ರತಿಮೆಗಳನ್ನು ನಿಲ್ಲಿಸಿದರು. ೨೦೧೧ರ ಮಾರ್ಚಿಯಲ್ಲಿ ತೆಲಂಗಾಣ ಚಳವಳಿಯ ಕಾವಿನಲ್ಲಿ ಹಲವು ಪ್ರತಿಮೆಗಳು ಭಗ್ನವಾಗಿ, ಆಮೇಲೆ ಮತ್ತೆ ನಿಂತುವು. ಅವುಗಳ ನಡುವೆ ಇಬ್ಬರ ಮುಂದೆ ನಾವು ಮಕ್ಕಳನ್ನು ನಿಲ್ಲಿಸಬೇಕೆಂದಿದ್ದೇವೆ. ಒಬ್ಬ ಶ್ರೀಕೃಷ್ಣದೇವರಾಯ, ಅವನನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಇನ್ನೊಬ್ಬರು ಬಳ್ಳಾರಿ ರಾಘವರು. ಬಳ್ಳಾರಿಯಲ್ಲಿ ವಕೀಲಿ ಮಾಡುತ್ತ, ತೆಲುಗು ರಂಗಭೂಮಿಯನ್ನೂ ಕನ್ನಡ ರಂಗಭೂಮಿಯನ್ನೂ ತಮ್ಮದೆಂದೇ ತಿಳಿದು ಅಭಿನಯಿಸಿ, ೧೯೪೬ರಲ್ಲಿ ತೀರಿಕೊಂಡ ಮಹಾನಟರು. ಬಳ್ಳಾರಿ ಯಾರದೆಂದು ರಾಜ್ಯಗಳು ಹೊಡೆದಾಡುವುದಕ್ಕೆ ಮೊದಲೇ ಹೋದರು. ಅದೂ ಒಂದು ಪುಣ್ಯ.

ನೀರಿನ ನಡುವೆ ನಿಂತ ಬುದ್ಧನ ಕಥೆಯನ್ನು ಮಕ್ಕಳಿಗೆ ದೋಣಿಯಲ್ಲಿ ಹೇಳುವುದಕ್ಕಿಂತ ಮನೆಯಲ್ಲಿ ಹೇಳಿ ಕರೆತರುವುದು ಲೇಸು. ನ್ಯೂಯಾರ್ಕಿನ ಬಂದರಿನಲ್ಲಿ ಸ್ವಾತಂತ್ರ್ಯ ದೇವತೆಯ ಮೂರ್ತಿಯನ್ನು ಕಂಡ ರಾಮರಾಯರಿಗೆ ತಮ್ಮ ಊರಿನ ನೀರಿನಲ್ಲಿಯೂ ಅಂಥದೊಂದು ಬೇಕೆನ್ನಿಸಿತು. ಭುವನಗಿರಿಯ ಹತ್ತಿರದ ರಾಯಗಿರಿಯ ಒಂದೇ ಕಲ್ಲಿನಲ್ಲಿ ಗಣಪತಿ ಸ್ಥಪತಿಗಳ ನೇತೃತ್ವದಲ್ಲಿ ೫೮ ಅಡಿಯ ವಿಗ್ರಹ ಸಿದ್ಧವಾಯಿತು. ೧೯೯೦ರ ಮಾರ್ಚಿಯಲ್ಲಿ ತೆಪ್ಪದ ಮೇಲೇರಿಸಿ ಸಾಗಿಸುವಾಗ ತೆಪ್ಪ ವಾಲಿತು. ವಿಗ್ರಹ ನೀರಿನ ಪಾಲಾಯಿತು. ಜೊತೆಯಲ್ಲಿದ್ದ ಹಲವು ಕೆಲಸಗಾರರೂ ಹೋದರು. ಸುಮಾರು ಎರಡೂವರೆ ವರ್ಷ ಬುದ್ಧನು ಕೆರೆಯ ಕೆಸರಿನಲ್ಲಿ ಮಲಗಿದ್ದು, ೧೯೯೨ರ ಡಿಸೆಂಬರಿನಲ್ಲಿ ಮೇಲೆದ್ದು ನಡುಬಂಡೆಯ ಮೇಲೆ ನಿಂತನು. ಕೆರೆಗೆ ಹಾರವಾದ ಸೊಸೆಯ ಕಥೆಯನ್ನು ಕೇಳುತ್ತ ಬೆಳೆದವರು ನಾವು. ದೋಣಿಯಿಂದ ಇಳಿದು ವಿಗ್ರಹದ ಪಾದದ ಹತ್ತಿರ ನಿಂತಾಗ ಆ ಕೂಲಿಗಾರರನ್ನು ಒಂದು ಗಳಿಗೆ ನೆನೆಯಬೇಕೆಂದು ಸಮಿತಿಯ ಹೆಂಗಸರು ಸೂಚಿಸಿದ್ದಾರೆ.

ಮಿಕ್ಕ ವಿವರಗಳು ಸಂಕ್ಷೇಪವಾಗಿ: ಲುಂಬಿನಿ ಉದ್ಯಾನ ೧೯೯೪ರದು, ದೋಣಿಗಳು ಅಲ್ಲಿಂದ ಹೊರಡುವುವು. ೨೦೦೭ರ ಆಗಸ್ಟ್ ೨೫ರಂದು ಅಲ್ಲಿ ಬಾಂಬು ಸಿಡಿದು ಅಮಾಯಕರು ಸತ್ತರು. ಬಾಗಿಲಲ್ಲಿ ಚೀಲ ತಪಾಸಣೆ ಮಾಡಿದರೆ ಯಾರೂ ಸಿಡುಕಬಾರದು. ನಿಜಾಮರ ಕಾಲದ ವಿದ್ಯುತ್ ಸ್ಥಾವರವನ್ನು ೧೯೯೫ರಲ್ಲಿ ಕೆಡವಿದ ಮೇಲೆ ಆ ಆಸುಪಾಸಿನಲ್ಲಿ ಎನ್. ಟಿ. ಆರ್. ಉದ್ಯಾನವೂ, ಪ್ರಸಾದ್ ಚಿತ್ರಮಂದಿರವೂ ಎದ್ದುವು. ಹೊಗೆಯ ಜಾಗಕ್ಕೆ ಐಸ್‌ಕ್ರೀಮು ಬಂದಿತು. ೧೨೫ ಅಡಿಯ ಅಂಬೇಡ್ಕರರ ಪ್ರತಿಮೆ ೨೦೨೩ರ ಏಪ್ರಿಲ್ ೧೪ರಂದು ಅನಾವರಣವಾಯಿತು. ಮುಂಬಯಿಯ ಕಡಲ ದಂಡೆಯ ದೀಪಮಾಲೆಗೆ ರಾಣಿಯ ಕಂಠಹಾರವೆಂಬ ಹೆಸರುಂಟಷ್ಟೆ. ಅದನ್ನು ಕಂಡು ಇಲ್ಲಿಯ ದಂಡೆಗೂ ನೆಕ್ಲೆಸ್ ರಸ್ತೆ ಎಂಬ ಹೆಸರಾಯಿತು. ಈಗ ಕಾಗದದಲ್ಲಿ ಅದು ಪಿ. ವಿ. ನರಸಿಂಹರಾಯರ ಹೆಸರಿನ ಮಾರ್ಗ. ಹೆಸರು ಬದಲಾದರೂ ಆಟೋದವನಿಗೆ ನೆಕ್ಲೆಸ್ ರಸ್ತೆ ಎಂದೇ ಹೇಳುವುದು ಸುಲಭ.

ಇನ್ನು ಮೊದಲನೆಯ ಪ್ರಶ್ನೆ. ಆ ನೀರಿನ ಪಕ್ಕದಲ್ಲಿ ಊಟವೇ?

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ಐದಾರು ಸಂಸಾರಗಳು ದಂಡೆಯ ಒಂದು ಹೋಟೆಲಿನಲ್ಲಿ ನೀರಿನ ಕಡೆಗೇ ಮೇಜು ಕೇಳಿ ಕುಳಿತಿದ್ದೆವು. ಗಾಳಿ ತಿರುಗಿತು. ಮಕ್ಕಳು ತಟ್ಟೆ ಬಿಟ್ಟೆದ್ದರು. ಒಬ್ಬ ಹುಡುಗಿ, "ಇದನ್ನು ಯಾರು ಹೀಗೆ ಮಾಡಿದರು?" ಎಂದು ಕೇಳಿದಳು. ನಾವು ಸರಕಾರವನ್ನು ಬಯ್ದು, ಕಾರ್ಖಾನೆಗಳನ್ನು ಬಯ್ದು, ಗಾಜಿನ ಒಳಗಡೆಯ ಮೇಜಿಗೆ ಬದಲಾಯಿಸಿಕೊಂಡೆವು. ಆಗ ನಮಗೆ ಗೊತ್ತಿದ್ದುದು ಅಷ್ಟೇ.

ಕೆರೆಗೆ ನೀರು ತರುವ ಕಾಲುವೆಗಳು ಮುಖ್ಯವಾಗಿ ನಾಲ್ಕು: ಪಿಕೆಟ್, ಬಂಜಾರಾ, ಬಲ್ಕಾಪುರ, ಕೂಕಟ್‌ಪಲ್ಲಿ. ನಾಲ್ಕರಲ್ಲಿ ಎಲ್ಲಕ್ಕೂ ದೊಡ್ಡದು ಕೂಕಟ್‌ಪಲ್ಲಿ ನಾಲೆ. ಮೊದಲು ಅದು ವಾಯವ್ಯದ ಕೆರೆಗಳ ಕೋಡಿ ಹರಿದು ಬರುವ ಮಳೆನೀರಿನ ಹಳ್ಳ; ಒಂದು ಕೆರೆ ತುಂಬಿ ಇನ್ನೊಂದಕ್ಕೆ, ಅದು ತುಂಬಿ ಮತ್ತೊಂದಕ್ಕೆ, ಕೊನೆಗೆ ಹುಸೇನ್ ಸಾಗರಕ್ಕೆ. ನಮ್ಮ ಕೋಲಾರದ ಕೆರೆಗಳ ಸಾಲು ನೋಡಿದವರಿಗೆ ಈ ಏರ್ಪಾಡು ಹೊಸದಲ್ಲ. ೧೯೬೦ರ ದಶಕದಿಂದ ಬಾಲಾನಗರ, ಸನತ್‌ನಗರ, ಆಮೇಲೆ ಜೀಡಿಮೆಟ್ಲದಲ್ಲಿ ಕಾರ್ಖಾನೆಗಳು ಬೆಳೆದುವು; ಔಷಧಿಯ ಕಾರ್ಖಾನೆ, ವಿಮಾನದ ಭಾಗಗಳ ಕಾರ್ಖಾನೆ ಬಂದುವು. ಅವುಗಳ ಹಿಂದೆಯೇ ಹೌಸಿಂಗ್ ಬೋರ್ಡಿನ ಕಾಲೊನಿ ಬಂದಿತು. ಹೈಟೆಕ್ ಸಿಟಿ ೧೯೯೮ರಲ್ಲಿ ತೆರೆದ ಮೇಲೆ ಮನೆಗಳ ಮೇಲೆ ಮನೆ. ಕಾರ್ಖಾನೆಯ ನೌಕರಿಗೆ ಬಂದ ಹಳಬರು, ಕಂಪ್ಯೂಟರ್ ನೌಕರಿಗೆ ಬಂದ ಹೊಸಬರು, ಎಲ್ಲರೂ ನಾವೇ. ಮಳೆನೀರಿನ ಹಳ್ಳಕ್ಕೆ ನಮ್ಮ ಬಚ್ಚಲುಗಳೂ ಸೇರಿಕೊಂಡುವು. ಕೊಳಚೆಯನ್ನು ಕೆರೆಗೆ ಬಿಡದೆ ದೊಡ್ಡ ಕೊಳವೆಗಳಲ್ಲಿ ಬಳಸಿ ಒಯ್ದು ಶುದ್ಧಿ ಮಾಡುವ ಕೆಲಸಗಳು ಆಗಿವೆ. ೨೦೦೬ರಲ್ಲಿ ಜಪಾನಿನಿಂದ ಸಾಲವನ್ನೂ ತಂದರು. ಬೇಸಗೆಗಿಂತ ಮಳೆಗಾಲದಲ್ಲಿ ಆ ಏರ್ಪಾಡಿನ ಬಲಹೀನತೆ ತಿಳಿಯುತ್ತದೆ: ಮಳೆನೀರೂ ಕೊಳಚೆಯೂ ಬೆರೆತು ಕೊಳವೆಯ ಅಳತೆ ಮೀರಿದಾಗ ಎಲ್ಲವೂ ಹಳೆಯ ದಾರಿಯನ್ನೇ ಹಿಡಿಯುವುದು. ೨೦೦೦ದ ಆಗಸ್ಟಿನ ಮಹಾಮಳೆಯಲ್ಲಿ ಈ ನಾಲೆ ಉಕ್ಕಿ ಬೇಗಂಪೇಟೆಯ ತಗ್ಗಿನ ಮನೆಗಳೊಳಕ್ಕೆ ನುಗ್ಗಿದುದು ಹಳಬರಿಗೆ ನೆನಪಿರಬಹುದು.

ಹೀಗೆ ಆ ಹುಡುಗಿಯ ಪ್ರಶ್ನೆಗೆ ಉತ್ತರ, ನಾವು ಊಟಕ್ಕೆ ಕುಳಿತ ಮೇಜಿನಿಂದ ಹನ್ನೆರಡು ಮೈಲಿಯೊಳಗೇ, ನಮ್ಮ ಬಾಗಿಲಲ್ಲಿತ್ತು. ಕಲಬುರಗಿಯ ಮನೆತನದವರು ಮಾಡಿಸಿದ ಕೆರೆಗೆ, ವಿಶ್ವೇಶ್ವರಯ್ಯನವರು ಚರಂಡಿಯ ಯೋಜನೆ ಹೇಳಿದ ಊರಿನಲ್ಲಿ, ಕೂಕಟ್‌ಪಲ್ಲಿಯ ಕನ್ನಡಿಗರು ತಮ್ಮ ಪಾಲನ್ನು ಕಳುಹಿಸುತ್ತಿದ್ದೇವೆ. ಇದನ್ನು ಸ್ಮರಣ ಸಂಚಿಕೆಯಲ್ಲಿ ಅಚ್ಚು ಮಾಡಬೇಕೇ ಎಂದು ಸಮಿತಿಯಲ್ಲಿ ಚರ್ಚೆಯಾಯಿತು. ಹಬ್ಬದ ಸಂಚಿಕೆಯಲ್ಲಿ ಬಚ್ಚಲಿನ ಮಾತು ಬೇಡವೆಂದವರೂ ಇದ್ದರು. ಕೊನೆಗೆ, ಮೂಗಿಗೆ ಕರವಸ್ತ್ರ ಹಿಡಿದಿದ್ದ ಹಿರಿಯರೇ, "ಹಾಕಿರಿ, ನಾನೂ ಬರುತ್ತೇನೆ" ಎಂದರು.

ಕಾರ್ಯಕ್ರಮ ಹೀಗಿದೆ. ಮಧ್ಯಾಹ್ನ ಮೂರು ಗಂಟೆಗೆ ಎಲ್ಲರೂ ಕೂಕಟ್‌ಪಲ್ಲಿಯ ಮೆಟ್ರೋ ನಿಲ್ದಾಣದ ಕೆಳಗೆ ಸೇರತಕ್ಕದ್ದು. ಹತ್ತುವುದಕ್ಕೆ ಮೊದಲು ನಾಲೆಯ ಸೇತುವೆಯೊಂದರ ಬಳಿ ಹತ್ತು ನಿಮಿಷ ನಿಲ್ಲುವೆವು. ಮಕ್ಕಳು ನೀರನ್ನು ಇಲ್ಲಿ ನೋಡಿ, ಆಮೇಲೆ ಅಲ್ಲಿ ನೋಡಲಿ. ಕೂಕಟ್‌ಪಲ್ಲಿಯಿಂದ ಹತ್ತನೆಯ ನಿಲ್ದಾಣ ಖೈರತಾಬಾದು, ರೈಲು ಬದಲಿಸಬೇಕಾಗಿಲ್ಲ. ಅಲ್ಲಿಂದ ನಡೆಯಲಾಗದವರಿಗೆ ಆಟೋ. ಮೊದಲು ಏರಿಯ ಮೇಲೆ ರಾಯನಿಗೂ ರಾಘವರಿಗೂ ನಮಸ್ಕಾರ, ಹೊತ್ತು ಮುಳುಗುವ ಮುಂಚೆ ದೋಣಿ, ದೀಪ ಹತ್ತಿದ ಮೇಲೆ ನೆಕ್ಲೆಸ್ ರಸ್ತೆ. ಹೋಟೆಲಿನ ಊಟ ಬೇಕಾದವರು ಅಲ್ಲಿ ಮಾಡಬಹುದು. ಉಳಿದವರಿಗೆ ರೊಟ್ಟಿ, ಎಣ್ಣೆಗಾಯಿ ಪಲ್ಯವನ್ನು ಬೀದರದವರೂ, ಮೊಸರನ್ನವನ್ನು ಮೈಸೂರಿನವರೂ ಕಟ್ಟಿ ತರಲು ಒಪ್ಪಿದ್ದಾರೆ; ಬಿಸಿಬೇಳೆಬಾತಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಎಲೆ, ಕಾಗದ, ಬಾಟಲಿಗಳನ್ನು ತುಂಬಿ ಮರಳಿ ತರುವುದಕ್ಕೆ ಪ್ರತಿ ಸಂಸಾರವೂ ಒಂದು ಚೀಲ ತರಬೇಕು. ಮಳೆ ಬಂದರೆ ಮುಂದಿನ ಭಾನುವಾರ.